ಸೊಫೋಕ್ಲಿಸ್‌ನ ಏಳು ನಾಟಕಗಳು ಉಳಿದದ್ದು ಹೇಗೆ?

ಶಾಲೆಯಲ್ಲಿ ಸಮಾಜ ವಿಜ್ಞಾನ ಓದಿದ ಬಹಳ ಜನರಿಗೆ ಒಂದು ಇಸವಿ ಈಗಲೂ ನೆನಪಿರುತ್ತದೆ: 1453. ಆ ವರ್ಷ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು. ಅಲ್ಲಿನ ಗ್ರೀಕ್ ವಿದ್ವಾಂಸರು ಪುಸ್ತಕಗಳನ್ನು ಕಟ್ಟಿಕೊಂಡು ಇಟಲಿಗೆ ಹೋದರು. ಯುರೋಪಿನಲ್ಲಿ ಪುನರುಜ್ಜೀವನ ಶುರುವಾಯಿತು. ಪರೀಕ್ಷೆಯಲ್ಲಿ ನಾವೆಲ್ಲ ಹೀಗೇ ಬರೆದವರು.

ಆ ಉತ್ತರ ಪೂರ್ತಿ ಸುಳ್ಳೇನಲ್ಲ. ಆದರೆ ಅದು ಬಹಳ ಉದ್ದದ ಕಥೆಯೊಂದರ ಕೊನೆಯ ಭಾಗ ಮಾತ್ರ. ಮೊದಲ ಭಾಗ ಬಿಟ್ಟುಹೋದರೆ ಕಥೆ ಅರ್ಥವಾಗುವುದಿಲ್ಲ. ಆ ಪುಸ್ತಕಗಳು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇದ್ದದ್ದಾದರೂ ಯಾಕೆ? ಪ್ಲೇಟೊ, ಅರಿಸ್ಟಾಟಲ್ ತೀರಿಕೊಂಡು ಆಗಲೇ ಹದಿನೇಳು, ಹದಿನೆಂಟು ಶತಮಾನ ಕಳೆದಿತ್ತು. ಅಷ್ಟು ಕಾಲ ಯಾವ ಹಾಳೆ ಬಾಳುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಯುರೋಪಿನ ಎರಡು ಸಾವಿರ ವರ್ಷದ ಇತಿಹಾಸ ಬೇರೆಯೇ ರೀತಿ ಕಾಣುತ್ತದೆ. ರಾಜರು, ಯುದ್ಧಗಳು ಹಿಂದೆ ಸರಿಯುತ್ತವೆ. ಬಗ್ಗಿ ಕೂತು ಬರೆಯುವ ಜನ ಮುಂದೆ ಬರುತ್ತಾರೆ.

ಒಬ್ಬನನ್ನೇ ಹಿಡಿದು ನೋಡೋಣ. ಸೊಫೋಕ್ಲಿಸ್ ಅಥೆನ್ಸಿನ ನಾಟಕಕಾರ. ಕ್ರಿ.ಪೂ. 406ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ ತೀರಿಕೊಂಡ. ಅವನು ಬರೆದದ್ದು ಸುಮಾರು 120 ನಾಟಕ. ಇವತ್ತು ಪೂರ್ತಿಯಾಗಿ ಸಿಗುವುದು ಏಳು. ಆ ಏಳರಲ್ಲಿ ಈಡಿಪಸ್ ಇದ್ದಾನೆ, ಆಂಟಿಗೊನೆ ಇದ್ದಾಳೆ, ಏಜಾಕ್ಸ್ ಇದ್ದಾನೆ. ಈ ಏಜಾಕ್ಸನ ನಾಟಕವನ್ನೇ ಆಧಾರ ಮಾಡಿಕೊಂಡು ಬಿ.ಎಂ.ಶ್ರೀ ಅವರು ‘ಅಶ್ವತ್ಥಾಮನ್’ ಬರೆದರು. ಹಾಗಾಗಿ ಆ ನಾಟಕ ಹೇಗೆ ಉಳಿಯಿತು ಅನ್ನುವುದು ಕನ್ನಡದವರಿಗೂ ಸಂಬಂಧಪಟ್ಟ ವಿಷಯವೇ.

ಮೊದಲು ಹಾಳೆಯ ಬಗ್ಗೆ ತಿಳಿಯಬೇಕು. ಆ ಕಾಲದ ಪುಸ್ತಕ ಅಂದರೆ ಪಪೈರಸ್ ಸುರುಳಿ. ನೈಲ್ ನದಿಯ ದಡದಲ್ಲಿ ಬೆಳೆಯುವ ಒಂದು ಬಗೆಯ ಜೊಂಡು ಅದು. ದಂಟಿನ ತಿರುಳನ್ನು ಪಟ್ಟಿಪಟ್ಟಿಯಾಗಿ ಸೀಳಬೇಕು. ಒಂದು ಸಾಲು ಉದ್ದಕ್ಕೆ, ಅದರ ಮೇಲೆ ಇನ್ನೊಂದು ಸಾಲು ಅಡ್ಡಕ್ಕೆ ಜೋಡಿಸಬೇಕು. ಒತ್ತಿ ಒಣಗಿಸಿದರೆ ಹಾಳೆ. ಹಾಳೆಗೆ ಹಾಳೆ ಅಂಟಿಸಿ ಸುತ್ತಿದರೆ ಸುರುಳಿ. ಈಜಿಪ್ಟಿನ ಒಣ ಮರಳಿನಲ್ಲಿ ಇದು ಸಾವಿರಾರು ವರ್ಷ ಬಾಳುತ್ತದೆ. ಆದರೆ ಗ್ರೀಸ್, ಇಟಲಿಯ ತೇವದ ಹವೆಗೆ ಬೂಷ್ಟು ಹಿಡಿಯುತ್ತದೆ. ಮತ್ತೆಮತ್ತೆ ಬಿಚ್ಚಿ ಸುತ್ತಿ ಓದಿದರೆ ಅಂಚು ಸವೆದು ಹರಿಯುತ್ತದೆ. ಮನೆಯಲ್ಲಿ ಹಳೆಯ ಓಲೆಗರಿ ಕಟ್ಟು ಇಟ್ಟುಕೊಂಡವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ.

ಹೀಗಾಗಿ ಪುಸ್ತಕ ಉಳಿಯಬೇಕಾದರೆ ಒಂದೇ ದಾರಿ. ಕೆಲವು ತಲೆಮಾರಿಗೊಮ್ಮೆ ಯಾರಾದರೂ ಕೂತು ಅದನ್ನು ಪೂರ್ತಿ ಮತ್ತೆ ಬರೆಯಬೇಕು. ಯಾರಿಗೂ ಬೇಡವಾದ ಪುಸ್ತಕ ಸುಮ್ನೆ ಕಪಾಟಿನಲ್ಲೇ ಪುಡಿಯಾಗುತ್ತದೆ. ಅಲೆಕ್ಸಾಂಡ್ರಿಯದ ಗ್ರಂಥಾಲಯಕ್ಕೆ ಬೆಂಕಿ ಬಿದ್ದ ಕಥೆ ಎಲ್ಲರಿಗೂ ಗೊತ್ತು. ನನಗನಿಸುವಂತೆ ಅದಕ್ಕಿಂತ ಜಾಸ್ತಿ ಪುಸ್ತಕಗಳು ಹೀಗೆ ಸದ್ದಿಲ್ಲದೆ ಹೋದವು. ರೋಮಿನ ಇತಿಹಾಸಕಾರ ಲಿವಿ 142 ಸಂಪುಟ ಬರೆದಿದ್ದ. ಉಳಿದದ್ದು 35.

ಮೊದಲ ದೊಡ್ಡ ಜರಡಿ ಹಿಡಿದದ್ದು ಕ್ರಿ.ಶ. 2ರಿಂದ 4ನೇ ಶತಮಾನದ ನಡುವೆ. ಆಗ ಸುರುಳಿ ಹೋಗಿ, ನಾವು ಇವತ್ತು ಪುಸ್ತಕ ಅನ್ನುವ ಆಕಾರ ಬಂತು. ಮಡಿಸಿದ ಹಾಳೆಗಳನ್ನು ಒಂದು ಬದಿಗೆ ಹೊಲಿದು ಕಟ್ಟುವ ಪದ್ಧತಿ. ನಿಧಾನಕ್ಕೆ ಪಪೈರಸ್ ಜಾಗಕ್ಕೆ ಪ್ರಾಣಿಗಳ ಚರ್ಮದಿಂದ ಮಾಡಿದ ಹಾಳೆಯೂ ಬಂತು. ಕ್ಯಾಸೆಟ್ ಹೋಗಿ ಸಿ.ಡಿ. ಬಂದಾಗ ಎಲ್ಲ ಹಾಡುಗಳೂ ಸಿ.ಡಿ.ಗೆ ಬರಲಿಲ್ಲ ಅಲ್ವಾ? ಹಾಗೆಯೇ ಆಯಿತು. ಹೊಸ ಆಕಾರಕ್ಕೆ ಬರೆದುಕೊಂಡದ್ದು ಉಳಿಯಿತು. ಸುರುಳಿಯಲ್ಲೇ ಬಿಟ್ಟದ್ದು ಹೋಯಿತು.

ಯಾವುದನ್ನು ಬರೆದುಕೊಳ್ಳಬೇಕು ಎಂದು ತೀರ್ಮಾನಿಸಿದವರು ಯಾರು? ಹೆಚ್ಚಾಗಿ ಶಾಲೆಯ ಮೇಷ್ಟ್ರುಗಳು. ಮಕ್ಕಳಿಗೆ ಶುದ್ಧ ಗ್ರೀಕ್ ಕಲಿಸಲು ಕೆಲವು ನಾಟಕ ಬೇಕಿತ್ತು. ಸೊಫೋಕ್ಲಿಸ್‌ನ ಏಳನ್ನು ಆರಿಸಿಕೊಂಡರು. ಮುಂದೆ ಕಾನ್‌ಸ್ಟಾಂಟಿನೋಪಲ್‌ನ ಶಾಲೆಗಳಲ್ಲಿ ಆ ಏಳೂ ಜಾಸ್ತಿಯಾಗಿ, ಮೂರೇ ಪಠ್ಯವಾದವು: ಏಜಾಕ್ಸ್, ಎಲೆಕ್ಟ್ರಾ, ಈಡಿಪಸ್. ಆ ಮೂರರ ಹಸ್ತಪ್ರತಿಗಳು ಬೇಕಾದಷ್ಟು ಸಿಗುತ್ತವೆ. ಉಳಿದ ನಾಲ್ಕರದ್ದು ಬಹಳ ಕಡಿಮೆ. ಏಜಾಕ್ಸ್ ಬದುಕಿದ್ದು ಪಾಠವಾಗಿದ್ದರಿಂದ.

ಪಶ್ಚಿಮದಲ್ಲಿ ಏನಾಯಿತು

476ರಲ್ಲಿ ಇಟಲಿಯ ಕೊನೆಯ ರೋಮನ್ ಚಕ್ರವರ್ತಿ, ಇನ್ನೂ ಹುಡುಗ, ಪದವಿ ಕಳೆದುಕೊಂಡ. ರೋಮ್ ಒಂದೇ ದಿನ ಮುಳುಗಲಿಲ್ಲ. ಆದರೆ ಪಶ್ಚಿಮದಲ್ಲಿ ಊರುಗಳು ಸಣ್ಣವಾದವು, ಶಾಲೆಗಳು ಮುಚ್ಚಿದವು, ಪುಸ್ತಕ ಕೊಳ್ಳುವವರು ಇಲ್ಲವಾದರು. ಎಲ್ಲಕ್ಕಿಂತ ದೊಡ್ಡ ನಷ್ಟ ಅಂದರೆ, ಗ್ರೀಕ್ ಓದಬಲ್ಲವರೇ ಇಲ್ಲದಂತಾಯಿತು.

ಬೊಯೆಥಿಯಸ್ ಎಂಬ ರೋಮನ್ ವಿದ್ವಾಂಸನಿಗೆ ಇದು ಮೊದಲೇ ಕಂಡಿತ್ತು. ಪ್ಲೇಟೊ ಮತ್ತು ಅರಿಸ್ಟಾಟಲ್ ಬರೆದದ್ದನ್ನೆಲ್ಲ ಲ್ಯಾಟಿನ್‌ಗೆ ತರಬೇಕು ಎಂದು ಅವನು ಹೊರಟಿದ್ದ. ಅರಿಸ್ಟಾಟಲ್‌ನ ತರ್ಕಶಾಸ್ತ್ರದ ಕೆಲಸ ಸಾಗುವಷ್ಟರಲ್ಲಿ ರಾಜದ್ರೋಹದ ಆರೋಪ ಬಂತು. 524ರ ಸುಮಾರಿಗೆ ಅವನನ್ನು ಕೊಂದರು. ಮುಂದಿನ ಆರು ಶತಮಾನ ಪಶ್ಚಿಮ ಯುರೋಪಿಗೆ ಗೊತ್ತಿದ್ದ ಅರಿಸ್ಟಾಟಲ್ ಹೆಚ್ಚುಕಡಿಮೆ ಇವನು ಮುಗಿಸಿದ್ದಷ್ಟೇ. ಒಬ್ಬ ಮನುಷ್ಯ ಇನ್ನೂ ಇಪ್ಪತ್ತು ವರ್ಷ ಬದುಕಿದ್ದರೆ ಎಷ್ಟು ವ್ಯತ್ಯಾಸ ಆಗುತ್ತಿತ್ತು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಲ್ಯಾಟಿನ್ ಪುಸ್ತಕಗಳ ಭಾರ ಕ್ರೈಸ್ತ ಮಠಗಳ ಮೇಲೆ ಬಿತ್ತು. ದಕ್ಷಿಣ ಇಟಲಿಯಲ್ಲಿ ಕ್ಯಾಸಿಯೊಡೋರಸ್ ಎಂಬ ನಿವೃತ್ತ ಅಧಿಕಾರಿ 6ನೇ ಶತಮಾನದಲ್ಲಿ ಒಂದು ಮಠ ಕಟ್ಟಿದ. ಪ್ರತಿ ಮಾಡುವುದೂ ದೇವರ ಸೇವೆಯೇ ಎಂದು ಅಲ್ಲಿನ ಸನ್ಯಾಸಿಗಳಿಗೆ ಕಲಿಸಿದ. ಆ ಕೆಲಸ ಎಷ್ಟು ದುಬಾರಿ ಎಂದು ತಿಳಿಯಲು ಒಂದು ಉದಾಹರಣೆ ಸಾಕು. 8ನೇ ಶತಮಾನದ ಆರಂಭದಲ್ಲಿ ಉತ್ತರ ಇಂಗ್ಲೆಂಡಿನ ಒಂದು ಮಠದಲ್ಲಿ ಬೃಹತ್ ಬೈಬಲ್ ಬರೆದರು. ಸಾವಿರಕ್ಕೂ ಹೆಚ್ಚು ಹಾಳೆ. ಅದಕ್ಕೆ ಐನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕಾಯಿತು. ಒಂದು ಪುಸ್ತಕಕ್ಕೆ ಒಂದು ದೊಡ್ಡ ಮಂದೆ! ಆ ಬೈಬಲ್ ಈಗ ಫ್ಲಾರೆನ್ಸಿನಲ್ಲಿದೆ.

ಚರ್ಮ ಇಷ್ಟು ದುಬಾರಿಯಾದಾಗ ಇನ್ನೊಂದು ಕೆಲಸವೂ ನಡೆಯಿತು. ಬೇಡವಾದ ಹಳೆಯ ಪುಸ್ತಕದ ಅಕ್ಷರ ಕೆರೆದು ತೆಗೆದು, ಅದೇ ಹಾಳೆಯ ಮೇಲೆ ಹೊಸದು ಬರೆದರು. ರೋಮಿನ ರಾಜಕಾರಣಿ, ಲೇಖಕ ಸಿಸೆರೊ ಬರೆದ ರಾಜ್ಯಶಾಸ್ತ್ರದ ಗ್ರಂಥವೊಂದರ ದೊಡ್ಡ ಭಾಗ ಹೀಗೆ ಕೆರೆದ ಹಾಳೆಗಳ ಅಡಿಯಲ್ಲಿ ಅಡಗಿತ್ತು. 1819ರಲ್ಲಿ ವ್ಯಾಟಿಕನ್ನಿನ ಗ್ರಂಥಪಾಲಕರೊಬ್ಬರು ಮೇಲಿನ ಬರಹದ ಸಾಲುಗಳ ನಡುವೆ ಮಸುಕು ಅಕ್ಷರ ಕಂಡು ಅದನ್ನು ಪತ್ತೆ ಹಚ್ಚಿದರು.

800ರಲ್ಲಿ ರೋಮಿನಲ್ಲಿ ಕಿರೀಟ ಧರಿಸಿದ ಷಾರ್ಲಮೇನ್ ಈ ಕಥೆಯಲ್ಲಿ ಬಹಳ ಮುಖ್ಯ. ಅವನ ಗೆಲುವುಗಳ ಬಗ್ಗೆ ಪುಸ್ತಕಗಳು ತುಂಬ ಹೇಳುತ್ತವೆ. ನನಗೆ ಅವನ ಶಾಲೆಗಳೇ ದೊಡ್ಡವು ಅನಿಸುತ್ತದೆ. ಅವನು ಇಂಗ್ಲೆಂಡಿನ ಯಾರ್ಕ್‌ನಿಂದ ಆಲ್ಕ್ವಿನ್ ಎಂಬ ವಿದ್ವಾಂಸನನ್ನು ಕರೆಸಿಕೊಂಡ. ಮಠಗಳಲ್ಲಿ ಪುಸ್ತಕ ತಿದ್ದಿ ಬರೆಯುವ ಕೆಲಸ ಭರದಿಂದ ಸಾಗಿತು. ಒಂದೊಂದು ಸೀಮೆಗೆ ಒಂದೊಂದು ಸೊಟ್ಟ ಬರವಣಿಗೆ ಇದ್ದ ಜಾಗಕ್ಕೆ ದುಂಡಗಿನ, ಸ್ಪಷ್ಟವಾದ ಒಂದು ಅಕ್ಷರ ಹರಡಿತು. ಪದಗಳ ನಡುವೆ ಜಾಗ ಬಿಡುವುದು ರೂಢಿಯಾಯಿತು. ಇವತ್ತು ನಮ್ಮ ಕೈಯಲ್ಲಿರುವ ಬಹುಪಾಲು ಲ್ಯಾಟಿನ್ ಪ್ರಾಚೀನ ಗ್ರಂಥಗಳ ಅತಿ ಹಳೆಯ ಪ್ರತಿ ಈ ಕಾಲದ್ದು. ಯಾವುದನ್ನು ‘ಕತ್ತಲೆಯ ಯುಗ’ ಎಂದು ಕರೆಯುತ್ತೇವೋ ಆ ಕಾಲದ ಕೈಗಳೇ ರೋಮನ್ನು ನಮಗೆ ತಲುಪಿಸಿದವು.

ಗ್ರೀಕರು ಹಿಡಿದ ಎರಡು ದಾರಿ

ಗ್ರೀಕ್ ಪುಸ್ತಕಗಳ ಪಾಡು ಬೇರೆ. ಅವು ಎರಡು ದಾರಿಯಲ್ಲಿ ಹೋದವು. ಈ ಎರಡು ದಾರಿಯನ್ನು ಬೇರೆಬೇರೆಯಾಗಿ ನೋಡಿದರೆ ಮುಂದಿನದ್ದೆಲ್ಲ ಸಲೀಸಾಗಿ ತಿಳಿಯುತ್ತದೆ.

ಮೊದಲ ದಾರಿ ಬಾಗ್ದಾದಿನದ್ದು. 762ರಲ್ಲಿ ಕಟ್ಟಿದ ಊರು ಅದು. ಅಲ್ಲಿನ ಖಲೀಫರಿಗೆ, ವೈದ್ಯರಿಗೆ, ಜ್ಯೋತಿಷಿಗಳಿಗೆ ಗ್ರೀಕರ ವೈದ್ಯ, ಗಣಿತ, ಖಗೋಳ ಬೇಕಿತ್ತು. ಚೀನಾದಿಂದ ಮಧ್ಯ ಏಷ್ಯಾದ ಮೂಲಕ ಬಂದ ಕಾಗದವೂ ಆಗ ಸಿಗುತ್ತಿತ್ತು. ಚರ್ಮಕ್ಕಿಂತ ಎಷ್ಟೋ ಅಗ್ಗ. 9ನೇ ಶತಮಾನದಲ್ಲಿ ಅಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವೈದ್ಯ ಇದ್ದ. ಗೇಲನ್ ಎಂಬ ಗ್ರೀಕ್ ವೈದ್ಯನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬೀ ಭಾಷೆಗೆ ತಂದವನು. ಅವನ ಕ್ರಮ ನೋಡಿದರೆ ಗೌರವ ಹುಟ್ಟುತ್ತದೆ. ಒಂದೇ ಗ್ರಂಥದ ಹಲವು ಗ್ರೀಕ್ ಪ್ರತಿಗಳನ್ನು ಕೂಡಿಹಾಕುವನು. ಒಂದಕ್ಕೊಂದು ತಾಳೆ ನೋಡಿ ತಪ್ಪು ತಿದ್ದುವನು. ಆಮೇಲೆ ಅನುವಾದಕ್ಕೆ ಕೂರುವನು. ಗೇಲನ್‌ನ ಒಂದು ಪುಸ್ತಕಕ್ಕಾಗಿ ಮೆಸೊಪೊಟೇಮಿಯ, ಸಿರಿಯ, ಪ್ಯಾಲೆಸ್ತೀನ್ ಎಲ್ಲ ಸುತ್ತಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ತನಕ ಹೋದದ್ದನ್ನು ಅವನೇ ಬರೆದಿಟ್ಟಿದ್ದಾನೆ. ಸಿಕ್ಕಿದ್ದು ಡಮಾಸ್ಕಸ್‌ನಲ್ಲಿ, ಅದೂ ಅರ್ಧ ಮಾತ್ರ.

ಆದರೆ ಬಾಗ್ದಾದಿನವರು ಸೊಫೋಕ್ಲಿಸ್‌ನನ್ನು ಮುಟ್ಟಲಿಲ್ಲ. ನಾಟಕ ಅವರ ಲೋಕಕ್ಕೆ ಹೊರಗಿನದು. ಅದನ್ನು ಉಳಿಸಿದ್ದು ಎರಡನೇ ದಾರಿ, ಅಂದರೆ ಕಾನ್‌ಸ್ಟಾಂಟಿನೋಪಲ್. ಪಶ್ಚಿಮದ ರೋಮ್ ಬಿದ್ದ ಮೇಲೂ ಪೂರ್ವದ ರೋಮನ್ ಸಾಮ್ರಾಜ್ಯ ಸಾವಿರ ವರ್ಷ ಬಾಳಿತು. ಅವರ ಭಾಷೆಯೇ ಗ್ರೀಕ್. 9ನೇ ಶತಮಾನದಿಂದ ಅಲ್ಲಿಯೂ ಹೊಸ ಕೂಡುಬರಹ ಬಂತು. ಹಳೆಯ ದಪ್ಪಕ್ಷರದ ಪುಸ್ತಕಗಳನ್ನು ಆ ಬರಹಕ್ಕೆ ಇಳಿಸಿಕೊಂಡರು. ಅದು ಇನ್ನೊಂದು ಜರಡಿ. 10ನೇ ಶತಮಾನದ ಮಧ್ಯದಲ್ಲಿ ಅಲ್ಲಿ ಯಾರೋ ಒಂದು ಚರ್ಮದ ಪುಸ್ತಕ ಬರೆದರು. ಅದರಲ್ಲಿ ಸೊಫೋಕ್ಲಿಸ್‌ನ ಏಳು ನಾಟಕ, ಎಸ್ಕಿಲಸ್‌ನ ಏಳು ನಾಟಕ ಒಟ್ಟಿಗೆ ಇವೆ. ಈ ಪುಸ್ತಕವನ್ನು ನೆನಪಿಟ್ಟುಕೊಳ್ಳಿ. ಮತ್ತೆ ಬರುತ್ತದೆ.

ಬಾಗ್ದಾದಿನ ದಾರಿಯಲ್ಲಿ ಹೋದ ವಿದ್ಯೆ ಪಶ್ಚಿಮಕ್ಕೆ ಮೊದಲು ಮರಳಿತು. 1085ರಲ್ಲಿ ಸ್ಪೇನಿನ ಟೊಲೇಡೊ ಮುಸ್ಲಿಂ ಅರಸರ ಕೈಯಿಂದ ಕ್ರೈಸ್ತ ರಾಜನ ಕೈಗೆ ಬಂತು. ಊರಿನ ತುಂಬ ಅರಬ್ಬೀ ಪುಸ್ತಕ. ಅರಬ್ಬೀ ಬಲ್ಲ ಕ್ರೈಸ್ತರೂ ಯಹೂದಿಗಳೂ ಅಲ್ಲಿದ್ದರು. ಇಟಲಿಯ ಕ್ರೆಮೋನ ಊರಿನ ಜೆರಾರ್ಡ್ ಎಂಬುವನು ಒಂದೇ ಒಂದು ಪುಸ್ತಕದ ಆಸೆಗೆ ಅಲ್ಲಿಗೆ ಹೋದ. ಪ್ರಾಚೀನ ಗ್ರೀಕ್ ಖಗೋಳಜ್ಞ ಟಾಲೆಮಿಯ ಗ್ರಂಥ ಅದು. ಹೋದವನು ಅಲ್ಲೇ ಅರಬ್ಬೀ ಕಲಿತ, ಅಲ್ಲೇ ನೆಲೆಸಿದ. 1187ರಲ್ಲಿ ತೀರಿಕೊಳ್ಳುವ ತನಕ ಎಪ್ಪತ್ತಕ್ಕೂ ಹೆಚ್ಚು ಗ್ರಂಥಗಳನ್ನು ಲ್ಯಾಟಿನ್‌ಗೆ ತಂದ. ಟಾಲೆಮಿಯ ಆ ಗ್ರಂಥವನ್ನು ಇವತ್ತಿಗೂ ‘ಅಲ್ಮಜೆಸ್ಟ್’ ಎಂಬ ಅರಬ್ಬೀ ಹೆಸರಿನಿಂದಲೇ ಕರೆಯುತ್ತಾರೆ.

ಇದೇ ದಾರಿಯಲ್ಲಿ ನಮ್ಮ ಅಂಕಿಗಳೂ ಯುರೋಪಿಗೆ ಹೋದವು. ಭಾರತದ ಅಂಕಿಗಳ ಬಗ್ಗೆ ಬಾಗ್ದಾದಿನ ಅಲ್-ಖ್ವಾರಿಜ್ಮಿ ಬರೆದ. ಅದು ಲ್ಯಾಟಿನ್‌ಗೆ ಬಂತು. ಅವನ ಹೆಸರೇ ತಿರುಚಿಕೊಂಡು ‘ಅಲ್ಗಾರಿದಮ್’ ಆಯಿತು. 1202ರಲ್ಲಿ ಪೀಸಾದ ಫಿಬೊನಾಚ್ಚಿ ತನ್ನ ಲೆಕ್ಕದ ಪುಸ್ತಕದಲ್ಲಿ ‘ಭಾರತೀಯರ ಒಂಬತ್ತು ಅಂಕಿ’ ಎಂದೇ ಇವನ್ನು ಪರಿಚಯಿಸಿದ. ಜೊತೆಗೆ ಸೊನ್ನೆ. ಎಲ್ಲರೂ ತಕ್ಷಣ ಒಪ್ಪಲಿಲ್ಲ. 1299ರಲ್ಲಿ ಫ್ಲಾರೆನ್ಸಿನ ಲೇವಾದೇವಿಗಾರರ ಸಂಘ ಲೆಕ್ಕದ ಪುಸ್ತಕದಲ್ಲಿ ಈ ಅಂಕಿ ಬಳಸಬಾರದು ಎಂದು ನಿಯಮ ಮಾಡಿತು.

ಅರಿಸ್ಟಾಟಲ್‌ಗೂ ಹೀಗೇ ಆಯಿತು. ಅವನ ಪ್ರಕೃತಿ ವಿಚಾರದ ಗ್ರಂಥಗಳನ್ನು ಪ್ಯಾರಿಸ್‌ನಲ್ಲಿ ಪಾಠ ಮಾಡಬಾರದು ಎಂದು 1210ರಲ್ಲಿ ಚರ್ಚು ನಿಷೇಧಿಸಿತು. 1255ರ ಹೊತ್ತಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಅವೇ ಕಡ್ಡಾಯ ಪಾಠ.

ಗ್ರೀಕ್ ಓದಲು ಬಾರದ ಪೆಟ್ರಾರ್ಕ್

ಇಷ್ಟರಲ್ಲಿ ವಿಜ್ಞಾನ, ತತ್ತ್ವಶಾಸ್ತ್ರ ಬಂದವು. ಕಾವ್ಯ, ನಾಟಕ ಬರಲಿಲ್ಲ. ಇಟಲಿಯ ಕವಿ ಪೆಟ್ರಾರ್ಕ್‌ಗೆ ಈ ಕೊರತೆ ಮೈಯೆಲ್ಲ ಚುಚ್ಚುತ್ತಿತ್ತು. ಸಿಸೆರೊ, ವರ್ಜಿಲ್ ಅವನಿಗೆ ಹಳೆಯ ಹೆಸರುಗಳಾಗಿರಲಿಲ್ಲ, ಗೆಳೆಯರಾಗಿದ್ದರು. 1345ರಲ್ಲಿ ವೆರೋನದಲ್ಲಿ ಸಿಸೆರೊನ ಖಾಸಗಿ ಪತ್ರಗಳ ಪ್ರತಿ ಸಿಕ್ಕಿತು. ಅದನ್ನು ಓದಿ ಅವನು ಸಿಸೆರೊಗೆ ವಾಪಸ್ ಒಂದು ಪತ್ರ ಬರೆದ! ಸತ್ತು ಸುಮಾರು ಹದಿನಾಲ್ಕು ಶತಮಾನ ಆದವನಿಗೆ. ಕಾನ್‌ಸ್ಟಾಂಟಿನೋಪಲ್‌ನ ರಾಯಭಾರಿಯೊಬ್ಬರು ಅವನಿಗೆ ಹೋಮರನ ಗ್ರೀಕ್ ಪ್ರತಿ ಕಳಿಸಿದರು. ಪೆಟ್ರಾರ್ಕ್‌ಗೆ ಅದನ್ನು ಓದಲು ಬರುತ್ತಿರಲಿಲ್ಲ. ಹೋಮರ್ ನನ್ನ ಪಾಲಿಗೆ ಮೂಕ, ಅಥವಾ ನಾನೇ ಅವನ ಪಾಲಿಗೆ ಕಿವುಡ, ಆದರೂ ನೋಡಿದರೇ ಖುಷಿ ಎಂದು ಉತ್ತರ ಬರೆದ. ಪುಸ್ತಕವನ್ನು ಆಗಾಗ ಎದೆಗವಚಿಕೊಳ್ಳುತ್ತಿದ್ದನಂತೆ. ಪುನರುಜ್ಜೀವನ ಅಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಈ ಚಿತ್ರ.

ಅವನ ನಂತರದವರು ಪುಸ್ತಕ ಹುಡುಕಲು ಹೊರಟರು. ಅವರಲ್ಲಿ ಪೊಜ್ಜೊ ಬ್ರಾಚ್ಚೊಲೀನಿ ಮುಂಚೂಣಿಯವನು. ಪೋಪರ ಕಚೇರಿಯಲ್ಲಿ ಕಾರ್ಯದರ್ಶಿ. 1415ರಲ್ಲಿ ಕಾನ್‌ಸ್ಟನ್ಸ್ ಊರಿನ ಧರ್ಮಸಭೆ ಅವನ ಪೋಪರನ್ನೇ ಪದವಿಯಿಂದ ಇಳಿಸಿತು. ಕೈಗೆ ಬಿಡುವು ಸಿಕ್ಕಿತು. ಸುತ್ತಲಿನ ಮಠಗಳನ್ನು ಜಾಲಾಡಿದ. 1416ರಲ್ಲಿ ಸೇಂಟ್ ಗಾಲ್ ಮಠದ ಗೋಪುರದ ಬುಡದಲ್ಲಿ, ಮರಣದಂಡನೆಯಾದವರನ್ನೂ ಹಾಕಲಾರದಂಥ ಕತ್ತಲೆ ಕೋಣೆಯಲ್ಲಿ, ಧೂಳು ಹಿಡಿದ ಪುಸ್ತಕಗಳ ನಡುವೆ ರೋಮಿನ ಭಾಷಣಕಲೆಯ ಗುರು ಕ್ವಿಂಟಿಲಿಯನ್‌ನ ಪೂರ್ತಿ ಗ್ರಂಥ ಸಿಕ್ಕಿತು ಎಂದು ಗೆಳೆಯನಿಗೆ ಬರೆದ. ಮರುವರ್ಷ ರೋಮನ್ ಕವಿ ಲುಕ್ರೀಷಿಯಸ್‌ನ ಕಾವ್ಯ ಸಿಕ್ಕಿತು. ಜಗತ್ತೆಲ್ಲ ಅಣುಗಳಿಂದಾಗಿದೆ ಎನ್ನುವ ಕಾವ್ಯ ಅದು. ಪೊಜ್ಜೊಗೆ ಸಿಕ್ಕಿದ ಹಳೆಯ ಪ್ರತಿಗಳಲ್ಲಿ ಷಾರ್ಲಮೇನ್ ಕಾಲದ ದುಂಡಕ್ಷರವಿತ್ತು. ಅವನೂ ಅವನ ಗೆಳೆಯರೂ ಅದನ್ನೇ ಪ್ರಾಚೀನರ ಅಕ್ಷರ ಎಂದು ತಿಳಿದರು. ಅದನ್ನೇ ಅಭ್ಯಾಸ ಮಾಡಿದರು. ಮುಂದೆ ಅದೇ ಅಚ್ಚುಮೊಳೆಗೆ ಮಾದರಿಯಾಯಿತು. ಇವತ್ತಿನ ಇಂಗ್ಲಿಷ್ ಸಣ್ಣಕ್ಷರಗಳು ಅಲ್ಲಿಂದ ಬಂದವು.

ಗ್ರೀಕ್ ಕಲಿಸಲು ಮೇಷ್ಟ್ರು ಬೇಕಿತ್ತು. 1397ರಲ್ಲಿ ಫ್ಲಾರೆನ್ಸಿನವರು ಕಾನ್‌ಸ್ಟಾಂಟಿನೋಪಲ್‌ನಿಂದ ಮ್ಯಾನ್ಯುಯೆಲ್ ಕ್ರಿಸೊಲೊರಾಸ್ ಎಂಬುವರನ್ನು ಸಂಬಳ ಕೊಟ್ಟು ಕರೆಸಿದರು. ಅವರು ಇದ್ದದ್ದು ಮೂರೇ ವರ್ಷ. ಆದರೆ ಅವರ ಶಿಷ್ಯರು ಒಂದು ತಲೆಮಾರನ್ನೇ ತಯಾರು ಮಾಡಿದರು. 1423ರಲ್ಲಿ ಜೊವಾನ್ನಿ ಔರಿಸ್ಪಾ ಎಂಬ ಸಿಸಿಲಿಯ ವಿದ್ವಾಂಸ 238 ಗ್ರೀಕ್ ಹಸ್ತಪ್ರತಿಗಳನ್ನು ಹಡಗಿನಲ್ಲಿ ಇಟಲಿಗೆ ತಂದ. ಆಗಲೇ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ 10ನೇ ಶತಮಾನದ ಪುಸ್ತಕ? ಅದನ್ನು ಫ್ಲಾರೆನ್ಸಿಗೆ ತಲುಪಿಸಿದವನೂ ಇವನೇ. ಈಗಲೂ ಅದು ಅಲ್ಲಿನ ಲಾರೆಂಷಿಯನ್ ಗ್ರಂಥಾಲಯದಲ್ಲಿದೆ.

ಇಸವಿಗಳನ್ನು ಗಮನಿಸಿ. 1397, 1423. ಎರಡೂ 1453ಕ್ಕಿಂತ ಮೊದಲು. ಕಾನ್‌ಸ್ಟಾಂಟಿನೋಪಲ್ ಬಿದ್ದಾಗ ಇಟಲಿ ಆಗಲೇ ಗ್ರೀಕ್ ಓದುತ್ತಿತ್ತು. ಹಾಗಾಗಿಯೇ ಅಲ್ಲಿಂದ ಬಂದವರಿಗೆ ಕೆಲಸ ಸಿಕ್ಕಿತು, ತಂದ ಪುಸ್ತಕಗಳಿಗೆ ಓದುಗರು ಸಿಕ್ಕರು. ಹಾಗೆಂದು ಆ ಪತನದ ನೋವು ಕಡಿಮೆಯದಲ್ಲ. ಅದಕ್ಕೂ ಮೊದಲೇ ಇಟಲಿಗೆ ಬಂದು ಕಾರ್ಡಿನಲ್ ಆಗಿದ್ದ ಬೆಸಾರಿಯನ್ ಎಂಬ ಗ್ರೀಕರು ಸುದ್ದಿ ಕೇಳಿ ಪಣ ತೊಟ್ಟರು. ಸಿಕ್ಕಿದಷ್ಟು ಗ್ರೀಕ್ ಪುಸ್ತಕ ಕೊಂಡರು, ಬರೆಸಿದರು. 1468ರಲ್ಲಿ ಏಳು ನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ವೆನಿಸ್ ನಗರಕ್ಕೆ ದಾನ ಕೊಟ್ಟರು. ದೇಶ ಕಳೆದುಕೊಂಡವರೊಬ್ಬರು ತಮ್ಮ ದೇಶವನ್ನು ಪೆಟ್ಟಿಗೆಗಳಲ್ಲಿ ತುಂಬಿ ಬೇರೆ ಊರಿಗೆ ಒಪ್ಪಿಸಿದಂತೆ.

ಅದೇ ಹೊತ್ತಿಗೆ ಜರ್ಮನಿಯ ಮೈಂಟ್ಸ್‌ನಲ್ಲಿ ಗುಟೆನ್‌ಬರ್ಗ್ ಅಚ್ಚುಮೊಳೆ ಜೋಡಿಸಿ ಬೈಬಲ್ ಮುದ್ರಿಸಿದ್ದ. 1455ರ ಸುಮಾರಿಗೆ, 180ರಷ್ಟು ಪ್ರತಿ. ಒಬ್ಬ ಲಿಪಿಕಾರನಿಗೆ ಇದು ಹಲವು ಜನ್ಮದ ಕೆಲಸ. ಗ್ರೀಕ್ ಅಕ್ಷರ ಅಚ್ಚು ಹಾಕುವುದು ಕಷ್ಟವಿತ್ತು. ಅದನ್ನು ದೊಡ್ಡ ಮಟ್ಟದಲ್ಲಿ ಕೈಗೆತ್ತಿಕೊಂಡವನು ವೆನಿಸ್ಸಿನ ಆಲ್ಡಸ್ ಮನುಟಿಯಸ್. ಅವನ ಅಚ್ಚುಕೂಟದಲ್ಲಿ ಕ್ರೀಟ್ ದ್ವೀಪದ ಗ್ರೀಕರು ಕೆಲಸ ಮಾಡುತ್ತಿದ್ದರು. 1495ರಿಂದ 1498ರ ತನಕ ಅರಿಸ್ಟಾಟಲ್‌ನ ಐದು ಸಂಪುಟ ಹೊರಬಂದವು. 1502ರಲ್ಲಿ ಕೈಯಲ್ಲಿ ಹಿಡಿದು ತಿರುಗಾಡುವಷ್ಟು ಸಣ್ಣ ಪುಸ್ತಕವಾಗಿ ಸೊಫೋಕ್ಲಿಸ್‌ನ ಏಳು ನಾಟಕ ಬಂದವು. ಅಲ್ಲಿಗೆ ಅಪಾಯ ಕಳೆಯಿತು. ನೂರಾರು ಪ್ರತಿ ನೂರಾರು ಊರಿಗೆ ಹೋದ ಮೇಲೆ ಒಂದು ಬೆಂಕಿ, ಒಂದು ಯುದ್ಧ ಏನು ಮಾಡೀತು?

ಅಚ್ಚಾದ ಮೇಲೆ ಇನ್ನೊಂದು ಬದಲಾವಣೆ ಬಂತು. ಎಲ್ಲರ ಮುಂದೆ ಒಂದೇ ಪಾಠ ಇದ್ದಾಗ ಅದರ ತಪ್ಪುಗಳೂ ಕಾಣಿಸತೊಡಗಿದವು. 1543ರಲ್ಲಿ 28 ವರ್ಷದ ವೆಸೇಲಿಯಸ್ ಮನುಷ್ಯನ ದೇಹರಚನೆಯ ಬಗ್ಗೆ ದೊಡ್ಡ ಗ್ರಂಥ ತಂದ. ಕೆಳದವಡೆ ಎರಡು ಎಲುಬು ಎಂದು ಗೇಲನ್ ಹೇಳಿದ್ದ. ಒಂದೇ ಎಂದು ವೆಸೇಲಿಯಸ್ ತೋರಿಸಿದ. ಗೇಲನ್ ಪ್ರಾಣಿಗಳನ್ನು ಕೊಯ್ದು ನೋಡಿ ಮನುಷ್ಯರ ಬಗ್ಗೆ ಬರೆದಿದ್ದ. ಇದನ್ನು ಹಿಡಿದವನು ಗೇಲನ್‌ನನ್ನು ತಿರಸ್ಕರಿಸಿದವನಲ್ಲ. ಗೇಲನ್‌ನ ಲ್ಯಾಟಿನ್ ಆವೃತ್ತಿಯನ್ನು ತಿದ್ದುವ ಕೆಲಸದಲ್ಲಿ ಅವನೇ ಸೇರಿದ್ದ. ಅದೇ ವರ್ಷ ಕೊಪರ್ನಿಕಸ್‌ನ ಗ್ರಂಥ ಬಂತು. ಅವನೂ ಟಾಲೆಮಿಯನ್ನು ಸಾಲುಸಾಲಾಗಿ ಓದಿದವನೇ.

ಸೊಫೋಕ್ಲಿಸ್‌ನ ಕಳೆದುಹೋದ ಆ ನೂರಕ್ಕೂ ಹೆಚ್ಚು ನಾಟಕಗಳು? ಅವುಗಳಲ್ಲಿ ಒಂದರ ದೊಡ್ಡ ತುಂಡು ಸಿಕ್ಕಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ಗುಡ್ಡೆಯಲ್ಲಿ. ಒಣ ಮರಳು ಪಪೈರಸ್ಸನ್ನು ಕಾಪಾಡಿತ್ತು. 1912ರಲ್ಲಿ ಅದು ಪ್ರಕಟವಾಯಿತು. ಸುಮಾರು ನಾಲ್ಕು ನೂರು ಸಾಲು. ಅಪೊಲೊ ದೇವರ ದನಗಳು ಕಳೆದುಹೋಗಿವೆ. ಸೆಟೈರ್‌ಗಳೆಂಬ ಪುಕ್ಕಲು ಜನ, ಅರ್ಧ ಮನುಷ್ಯ ಅರ್ಧ ಪ್ರಾಣಿ, ಹೆಜ್ಜೆ ಗುರುತು ಹಿಡಿದು ಹುಡುಕುತ್ತ ಬರುತ್ತಾರೆ. ಒಂದು ಗುಹೆಯ ಒಳಗಿಂದ ಹಿಂದೆಂದೂ ಕೇಳದ ಸದ್ದು ಬರುತ್ತದೆ. ಹೆದರಿ ನೆಲಕ್ಕೆ ಬೀಳುತ್ತಾರೆ. ಒಳಗೆ ಇರುವುದು ಹಸುಗೂಸು ಹರ್ಮಿಸ್, ಆಮೆಯ ಚಿಪ್ಪಿನಿಂದ ಆಗಷ್ಟೇ ಮಾಡಿದ ತಂತಿವಾದ್ಯ ನುಡಿಸುತ್ತಿದ್ದಾನೆ. ಮಗು ಎಲ್ಲಾದರೂ ದನ ಕದಿಯುತ್ತದೆಯೇ ಎಂದು ಗುಹೆಯ ದೇವತೆ ಹೊರಬಂದು ವಾದಕ್ಕೆ ನಿಲ್ಲುತ್ತಾಳೆ. ಕಳ್ಳ ಅವನೇ ಎಂದು ಇವರು ಹಟ ಹಿಡಿಯುತ್ತಾರೆ. ಅಲ್ಲಿಂದ ಮುಂದೆ ಹಾಳೆ ಹರಿದಿದೆ.